ನೋಡಿಕೊಳ್ಳುವವರನ್ನು ಕೇಳಿದ ಮೊದಲ ಪ್ರಶ್ನೆಗಳು

1866ರಲ್ಲಿ ಜಾನ್ ಹಾರ್ಲೋ ಎಂಬ ಅಮೆರಿಕನ್ ವೈದ್ಯರು ಒಬ್ಬ ತಾಯಿಯ ವಿಳಾಸವನ್ನು ಹೇಗೋ ಪತ್ತೆಹಚ್ಚಿ ಕಾಗದ ಬರೆದರು. ವೈದ್ಯರು ಇದ್ದದ್ದು ಮ್ಯಾಸಚೂಸೆಟ್ಸ್‌ನಲ್ಲಿ, ತಾಯಿ ಇದ್ದದ್ದು ದೇಶದ ಇನ್ನೊಂದು ಅಂಚಿನ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಆಕೆಯ ಮಗ ಫಿನಿಯಸ್ ಗೇಜ್ ತೀರಿಕೊಂಡು ಆಗಲೇ ವರ್ಷಗಳಾಗಿದ್ದವು. 1848ರ ಸೆಪ್ಟೆಂಬರ್ 13ರಂದು ವರ್ಮಾಂಟ್ ರಾಜ್ಯದ ಕ್ಯಾವೆಂಡಿಷ್ ಬಳಿ ರೈಲುಹಾದಿಗಾಗಿ ಬಂಡೆ ಸಿಡಿಸುತ್ತಿದ್ದಾಗ, ಮದ್ದು ಜಡಿಯುವ ಕಬ್ಬಿಣದ ಸಲಾಕೆ ಅವನ ಎಡಗೆನ್ನೆಯಿಂದ ಒಳನುಗ್ಗಿ ನೆತ್ತಿ ಸೀಳಿಕೊಂಡು ಹೊರಬಿದ್ದಿತ್ತು. ಮೂರೂವರೆ ಅಡಿ ಉದ್ದ, ಸುಮಾರು ಆರು ಕಿಲೋ ತೂಕದ ಸಲಾಕೆ. ಆದರೂ ಗೇಜ್ ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲ ಬದುಕಿದ. ಮೆದುಳಿಗೆ ಪೆಟ್ಟು ಬಿದ್ದರೆ ಮನುಷ್ಯನ ಸ್ವಭಾವವೇ ಬದಲಾಗಬಹುದು ಎಂದು ಹೇಳುವ ಯಾವ ಪಠ್ಯಪುಸ್ತಕವೂ ಇಂದಿಗೂ ಅವನ ಹೆಸರು ಬಿಟ್ಟು ಮುಂದೆ ಹೋಗುವುದಿಲ್ಲ.

ಹಾರ್ಲೋ 1868ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಗೇಜ್‌ನ ಕೊನೆಯ ವರ್ಷಗಳ ಬಗ್ಗೆ ಏನಿದೆಯೋ ಅದು ಹೆಚ್ಚುಕಡಿಮೆ ಈ ತಾಯಿ ಹೇಳಿದ್ದೇ. ಮಗ ಚಿಲಿ ದೇಶಕ್ಕೆ ಹೋಗಿ ಕುದುರೆಗಾಡಿ ಓಡಿಸಿದ್ದು, ಮನೆಯ ಮಕ್ಕಳನ್ನು ಸುತ್ತ ಕೂರಿಸಿಕೊಂಡು ತನ್ನ ಸಾಹಸಗಳ ಕಟ್ಟುಕಥೆ ಹೇಳುತ್ತಿದ್ದದ್ದು, ನಾಯಿ, ಕುದುರೆಗಳ ಮೇಲಿನ ಅಕ್ಕರೆ, ಒಂದು ಕೆಲಸದಲ್ಲೂ ನಿಲ್ಲದೆ ಅಲೆದದ್ದು, ಕಡೆಗೆ ಫಿಟ್ಸ್ ಶುರುವಾಗಿ ತಾಯಿಯ ಬಳಿಗೆ ಬಂದದ್ದು, ಎಲ್ಲವನ್ನೂ ಆಕೆ ನೆನೆದು ಹೇಳಿದರು. ಗೋರಿ ಅಗೆದು ತಲೆಬುರುಡೆಯನ್ನು ವಿಜ್ಞಾನಕ್ಕಾಗಿ ಕೊಡಲೂ ಕುಟುಂಬ ಒಪ್ಪಿತು. ಆ ಬುರುಡೆ ಈಗ ಹಾರ್ವರ್ಡ್‌ನ ಸಂಗ್ರಹಾಲಯದಲ್ಲಿದೆ. ಫಿಟ್ಸ್ ಬರುವ ಮಗನ ಜೊತೆ ಆ ತಿಂಗಳುಗಳನ್ನು ಆಕೆ ಹೇಗೆ ಕಳೆದರು ಎಂಬ ಬಗ್ಗೆ ಮಾತ್ರ ಲೇಖನದಲ್ಲಿ ಏನೂ ಇಲ್ಲ. ಆಕೆ ಸಾಕ್ಷಿ, ಅಷ್ಟೆ.

ಸಾಕ್ಷಿಯ ಕಟಕಟೆಯಿಂದ ಈ ತಾಯಂದಿರು, ಹೆಂಡಂದಿರು ಕೆಳಗಿಳಿಯಲು ಇನ್ನೂ ನೂರು ವರ್ಷ ಬೇಕಾಯಿತು. ಅದಕ್ಕೆ ಒಂದು ಸರಳ ಕಾರಣವೂ ಇದೆ. ತಲೆಗೆ ಜೋರು ಪೆಟ್ಟು ಬಿದ್ದವರಲ್ಲಿ ಬಹುಮಂದಿ ಆಗ ಉಳಿಯುತ್ತಲೇ ಇರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಉಳಿದ ಸೈನಿಕರಿಗಾಗಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಕುರ್ಟ್ ಗೋಲ್ಡ್‌ಸ್ಟೈನ್ ಒಂದು ಸಂಸ್ಥೆಯನ್ನೇ ಕಟ್ಟಿದರು. ಅಲ್ಲಿನ ಪರೀಕ್ಷೆ, ತರಬೇತಿಗಳ ಗುರಿ, ಗಾಯಾಳು ಮತ್ತೆ ಕೆಲಸಕ್ಕೆ ಬರುತ್ತಾನೆಯೇ ಎಂಬುದು. ಮನೆ ಏನಾಗುತ್ತದೆ ಎಂಬುದು ವೈದ್ಯಕೀಯದ ಪ್ರಶ್ನೆ ಎಂದು ಯಾರಿಗೂ ಅನ್ನಿಸಿರಲಿಲ್ಲ.

1960, 70ರ ದಶಕಗಳಲ್ಲಿ ಎರಡು ಬೆಳವಣಿಗೆಗಳು ಒಟ್ಟಿಗೇ ಬಂದವು. ರಸ್ತೆಗೆ ಇಳಿಯುವ ಕಾರು, ಮೋಟಾರ್‌ಸೈಕಲ್‌ಗಳು ಹೆಚ್ಚಿದವು. ಆಸ್ಪತ್ರೆಗಳಲ್ಲಿ ಉಸಿರಾಟದ ಯಂತ್ರ, ತೀವ್ರ ನಿಗಾ ಘಟಕಗಳು ಬಂದವು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ತಲೆಯ ಸಿಟಿ ಸ್ಕ್ಯಾನ್ ಆಯಿತು. ಹಿಂದೆ ರಸ್ತೆಯ ಬದಿಯಲ್ಲೋ ವಾರ್ಡಿನಲ್ಲೋ ಸಾಯುತ್ತಿದ್ದ ಇಪ್ಪತ್ತು, ಇಪ್ಪತ್ತೈದರ ಹುಡುಗರು ಉಳಿದರು. ಉಳಿದವರು ಮನೆಗೆ ಬಂದರು.

ಬಂದವರ ಸ್ಥಿತಿಯನ್ನು ಅಳೆಯಲು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರ ಜಗತ್ತಿಗೆ ಎರಡು ಪಟ್ಟಿಗಳನ್ನು ಕೊಟ್ಟಿತು. 1974ರಲ್ಲಿ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ ರೂಪಿಸಿದ ಕೋಮಾ ಪಟ್ಟಿ ಇಂದಿಗೂ ಬಳಕೆಯಲ್ಲಿದೆ. ಐಸಿಯು ಹೊರಗೆ ಕಾದು ನಿಂತವರಿಗೆ ವೈದ್ಯರು "ಜಿಸಿಎಸ್ ಆರಿದೆ, ಎಂಟಿದೆ" ಎಂದು ಹೇಳುವುದು ಇದನ್ನೇ. ಮರುವರ್ಷ ಜೆನೆಟ್ ಮತ್ತು ಮನೋವೈದ್ಯ ಮೈಕೆಲ್ ಬಾಂಡ್ ಚೇತರಿಕೆಯ ಪಟ್ಟಿ ತಂದರು. ಅದರಲ್ಲಿ ಐದೇ ಮನೆಗಳು: ಸಾವು, ಪ್ರಜ್ಞೆಯಿಲ್ಲದ ಬರಿಯ ಜೀವ, ತೀವ್ರ ವೈಕಲ್ಯ, ಮಧ್ಯಮ ವೈಕಲ್ಯ, ಉತ್ತಮ ಚೇತರಿಕೆ. ಶಸ್ತ್ರಚಿಕಿತ್ಸಕರಿಗೆ ಇದು ಬಹಳ ಅನುಕೂಲದ ಪಟ್ಟಿ. ಆದರೆ "ಉತ್ತಮ ಚೇತರಿಕೆ" ಎಂದು ಬರೆಸಿಕೊಂಡು ಡಿಸ್ಚಾರ್ಜ್ ಆದ ಗಂಡನ ಬಗ್ಗೆ ಹೆಂಡತಿ ಬೇರೆಯದೇ ಮಾತು ಹೇಳುತ್ತಿದ್ದಳು: ನಡೆಯುತ್ತಾರೆ, ಮಾತಾಡುತ್ತಾರೆ, ಊಟ ಮಾಡುತ್ತಾರೆ, ಆದರೆ ಇವರು ಅವರಲ್ಲ.

ಹೆಂಡತಿಯ ಈ ಮಾತನ್ನು ಅಳೆಯುವ ಉಪಕರಣ ನರಶಸ್ತ್ರಚಿಕಿತ್ಸೆಯವರ ಬಳಿ ಇರಲಿಲ್ಲ. ಅದು ಬಂದದ್ದು ಪಕ್ಕದ ಮನೆಯಿಂದ, ಅಂದರೆ ಮನೋವೈದ್ಯಶಾಸ್ತ್ರದಿಂದ.

ಬ್ರಿಟನ್ ಆಗ ಹುಚ್ಚಾಸ್ಪತ್ರೆಗಳನ್ನು ಬರಿದು ಮಾಡಲು ಹೊರಟಿತ್ತು. ರೋಗಿಗಳನ್ನು ಮನೆಗೆ ಕಳಿಸಿದರೆ ಸರ್ಕಾರದ ಖರ್ಚು ಉಳಿಯುತ್ತದೆ, ಸರಿ. ಆ ಖರ್ಚು ಯಾರ ತಲೆಯ ಮೇಲೆ ಹೋಗಿ ಬೀಳುತ್ತದೆ? ಜಾಕ್ವಲಿನ್ ಗ್ರ್ಯಾಡ್ ಮತ್ತು ಪೀಟರ್ ಸೇನ್ಸ್‌ಬರಿ 1963ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಈ ಪ್ರಶ್ನೆಯನ್ನು ಎತ್ತಿದರು. ಮನೆಯಲ್ಲೇ ಚಿಕಿತ್ಸೆಗೆ ಒತ್ತುಕೊಟ್ಟ ಚಿಚೆಸ್ಟರ್ ಮತ್ತು ಆಸ್ಪತ್ರೆಯನ್ನೇ ನಂಬಿದ ಸಾಲ್ಸ್‌ಬರಿ, ಈ ಎರಡು ಊರುಗಳ ಕುಟುಂಬಗಳನ್ನು ಹೋಲಿಸಿ ನೋಡಿದರು. 1966ರಲ್ಲಿ ಹೋನಿಗ್ ಮತ್ತು ಹ್ಯಾಮಿಲ್ಟನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹೊರೆಯನ್ನು ಎರಡಾಗಿ ಒಡೆದರು. ನಿಂತ ಸಂಬಳ, ಕೆಟ್ಟ ನಿದ್ದೆ, ಜಗಳ ಇವೆಲ್ಲ ಹೊರಗಿನವರಿಗೂ ಕಾಣುವ ಹೊರೆ. ಮನೆಯವರಿಗೆ ಅದು ಹೊರೆ ಅನ್ನಿಸುತ್ತದೆಯೇ ಎಂಬುದು ಇನ್ನೊಂದು. ಎರಡೂ ಸದಾ ಒಟ್ಟಿಗೆ ಹೋಗುವುದಿಲ್ಲ ಎಂಬುದು ಅವರ ಮುಖ್ಯ ಶೋಧ. ಲೆಕ್ಕದಲ್ಲಿ ಬೆನ್ನು ಮುರಿಯುವಷ್ಟು ಹೊರೆ ಹೊತ್ತ ಎಷ್ಟೋ ಮನೆಗಳು ಅದರ ಬಗ್ಗೆ ದೂರಲಿಲ್ಲ. ಗ್ರಾಮಾಂತರದ ಯಾವ ಆಶಾ ಕಾರ್ಯಕರ್ತೆಯನ್ನು ಕೇಳಿದರೂ ಇದನ್ನೇ ಹೇಳಿಯಾಳು. ಆದರೆ ವಿಜ್ಞಾನದಲ್ಲಿ ಒಂದು ಮಾತು ನಿಲ್ಲಬೇಕಾದರೆ ಯಾರಾದರೂ ಮನೆಮನೆಗೆ ಹೋಗಿ ಎಣಿಸಿರಬೇಕು.

ತಲೆಗೆ ಪೆಟ್ಟಾದವರ ಮನೆಗಳಿಗೆ ಈ ಎಣಿಕೆ 1970ರ ದಶಕದಲ್ಲಿ ಬಂತು. ಬ್ರಿಟನ್ನಿನ ಪ್ಯಾಂಟಿಂಗ್ ಮತ್ತು ಮೆರ್ರಿ 1972ರಲ್ಲಿ ಕಂಡದ್ದು: ಗಾಯಾಳುಗಳ ಹೆಂಡಂದಿರು, ತಾಯಂದಿರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಿದ್ದೆ ಗುಳಿಗೆಯನ್ನೋ ಮನಸ್ಸು ಶಾಂತಗೊಳಿಸುವ ಔಷಧವನ್ನೋ ತೆಗೆದುಕೊಳ್ಳುತ್ತಿದ್ದರು. ಇಸ್ರೇಲಿನಲ್ಲಿ 1973ರ ಯುದ್ಧ ಹೋಲಿಕೆಗೆ ಒಂದು ಕ್ರೂರ ಅವಕಾಶ ಒದಗಿಸಿತು. ರೋಸೆನ್‌ಬಾಮ್ ಮತ್ತು ನಜೆನ್‌ಸನ್ ಎರಡು ಗುಂಪಿನ ಸೈನಿಕರ ಹೆಂಡತಿಯರನ್ನು ಮಾತಾಡಿಸಿದರು. ಒಂದು ಗುಂಪಿನ ಗಂಡಂದಿರಿಗೆ ಬೆನ್ನುಹುರಿ ತುಂಡಾಗಿ ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ. ಇನ್ನೊಂದು ಗುಂಪಿನವರಿಗೆ ಮೆದುಳಿಗೆ ಪೆಟ್ಟು. ಗಾಲಿಕುರ್ಚಿಯ ಗಂಡನನ್ನು ನೋಡಿಕೊಳ್ಳುವುದೇ ಹೆಚ್ಚು ಕಷ್ಟ ಎಂದು ಯಾರಾದರೂ ಊಹಿಸುತ್ತಿದ್ದರು. 1976ರಲ್ಲಿ ಬಂದ ಫಲಿತಾಂಶ ಅದಕ್ಕೆ ವಿರುದ್ಧವಾಗಿತ್ತು. ಬದುಕು ಹೆಚ್ಚು ತಲೆಕೆಳಗಾದದ್ದೂ, ಮನಸ್ಸು ಹೆಚ್ಚು ಕುಗ್ಗಿದ್ದೂ ಮೆದುಳಿಗೆ ಗಾಯವಾದವರ ಹೆಂಡತಿಯರದು.

ಏಕೆ ಎಂಬುದಕ್ಕೆ ಎರಡು ವರ್ಷದ ನಂತರ ಅಮೆರಿಕದ ಓರೆಗಾನ್‌ನ ನರಮನೋವಿಜ್ಞಾನಿ ಮ್ಯೂರಿಯಲ್ ಲೆಜಾಕ್ ಉತ್ತರ ಕೊಟ್ಟರು. ಸ್ವಭಾವವೇ ಬದಲಾದ ಗಂಡನ ಹೆಂಡತಿಗೆ ಸಮಾಜದಲ್ಲಿ ನಿಲ್ಲಲು ಜಾಗವಿಲ್ಲ ಎಂದರು ಅವರು. ಗಂಡ ಸತ್ತಿಲ್ಲ, ಆದ್ದರಿಂದ ಅಳುವ ಹಾಗಿಲ್ಲ. ಬಿಟ್ಟುಹೋದರೆ ಕಾಯಿಲೆಯವನನ್ನು ಕೈಬಿಟ್ಟಳು ಎನ್ನುತ್ತಾರೆ. ಜೊತೆಗಿದ್ದರೆ ಸಂಗಾತಿಯಿಲ್ಲ, ಇರುವುದು ಇನ್ನೊಂದು ಮಗು, ಅದೂ ಕೆಲವೊಮ್ಮೆ ಕೈಯೆತ್ತುವ ಮಗು. ಈ ಕ್ಷೇತ್ರದಲ್ಲಿ ಬಂದ ನೂರಾರು ಕೋಷ್ಟಕಗಳಿಗಿಂತ ಲೆಜಾಕ್ ಅವರ ಆ ಕೆಲವು ಪುಟಗಳು ಹೆಚ್ಚು ಹೇಳುತ್ತವೆ.

ಆದರೂ ಕೋಷ್ಟಕಗಳು ಬೇಕಾದವು, ಮತ್ತೆ ಗ್ಲಾಸ್ಗೋ ಅವನ್ನು ಕೊಟ್ಟಿತು. ವಿಲಿಯಂ ಮೆಕಿನ್ಲೆ, ನೀಲ್ ಬ್ರೂಕ್ಸ್ ಮತ್ತು ಸಂಗಡಿಗರು ತೀವ್ರ ಗಾಯವಾದವರ ಹತ್ತಿರದ ಬಂಧುಗಳನ್ನು ಮೂರು, ಆರು, ಹನ್ನೆರಡನೇ ತಿಂಗಳಲ್ಲಿ ಮಾತಾಡಿಸಿ 1981ರಲ್ಲಿ ಪ್ರಕಟಿಸಿದರು. ಅವರಲ್ಲಿ 42 ಮಂದಿಯ ಮನೆಯವರನ್ನು ಐದನೇ ವರ್ಷದಲ್ಲಿ ಮತ್ತೆ ಹುಡುಕಿಕೊಂಡು ಹೋಗಿ 1986ರಲ್ಲಿ ಎರಡನೇ ವರದಿ ಕೊಟ್ಟರು. ರೋಗಿಯ ಬಗ್ಗೆ ಉದ್ದನೆಯ ಪ್ರಶ್ನೆಪಟ್ಟಿಯ ಜೊತೆಗೆ ಬಂಧುವಿನ ಬಗ್ಗೆಯೇ ಒಂದು ಪ್ರಶ್ನೆಯಿತ್ತು. ನಿಮಗೆ ಎಷ್ಟು ಒತ್ತಡವಾಗಿದೆ? ಒಂದರಿಂದ ಏಳರವರೆಗಿನ ಗೆರೆಯ ಮೇಲೆ ಗುರುತು ಹಾಕಿ. ನೋಡಲು ಬಹಳ ಬಡಪಾಯಿ ಉಪಕರಣ. ಅದರಿಂದ ಹೊರಬಂದ ಸತ್ಯ ಮಾತ್ರ ವೈದ್ಯರ ನಂಬಿಕೆಯನ್ನೇ ಅಲುಗಿಸಿತು.

ಕಾಲ ಎಲ್ಲವನ್ನೂ ಮಾಗಿಸುತ್ತದೆ, ವರ್ಷ ಕಳೆದಂತೆ ಮನೆಯವರು ಹೊಂದಿಕೊಳ್ಳುತ್ತಾರೆ ಎಂಬುದು ಆ ನಂಬಿಕೆ. ಗ್ಲಾಸ್ಗೋದಲ್ಲಿ ಆದದ್ದು ಹೀಗೆ: ಸ್ವಭಾವ ಬದಲಾಗಿದೆ ಎಂದ ಬಂಧುಗಳು ಮೂರನೇ ತಿಂಗಳಲ್ಲಿ ಶೇ 49, ವರ್ಷದ ಕೊನೆಗೆ ಶೇ 60, ಐದನೇ ವರ್ಷದಲ್ಲಿ ಶೇ 74. ಹೊಡೆಯುವುದಾಗಿ ಬೆದರಿಸುತ್ತಾನೆ ಎಂದವರು ಮೊದಲ ವರ್ಷ ಶೇ 15 ಇದ್ದದ್ದು ಐದನೇ ವರ್ಷಕ್ಕೆ ಶೇ 54ಕ್ಕೆ ಏರಿತು. ಒತ್ತಡದ ಗುರುತೂ ಗೆರೆಯ ಮೇಲೆ ಮುಂದಕ್ಕೇ ಸರಿದಿತ್ತು. ಕೈಕಾಲಿನ ಊನ ಮನೆಯವರನ್ನು ಅಷ್ಟಾಗಿ ಬಳಲಿಸಿರಲಿಲ್ಲ. ಬಳಲಿಸಿದ್ದು ಸಿಟ್ಟು, ಮಂಕು, ಮರೆವು, ಒಮ್ಮಿಂದೊಮ್ಮೆಗೆ ಎರಗುವ ಕೂಗಾಟ. ಬಂಧುಗಳು ತಾವೇ ಕುಗ್ಗಿದ್ದರಿಂದ ಹೆಚ್ಚುಮಾಡಿ ಹೇಳುತ್ತಿರಬಹುದಲ್ಲ ಎಂಬ ಅನುಮಾನವೂ ವಿದ್ವಾಂಸರಲ್ಲಿ ಎದ್ದಿತು. ಸಾಕ್ಷಿಯನ್ನು ಅನುಮಾನಿಸುವುದು ವಿಜ್ಞಾನದ ಹಳೆಯ ಚಾಳಿ.

ಮನೆಯವರು ವಿದ್ವಾಂಸರಿಗಾಗಿ ಕಾಯುತ್ತಾ ಕೂರಲಿಲ್ಲ. 1979ರಲ್ಲಿ ಬ್ರಿಟನ್ನಿನಲ್ಲಿ ತಲೆಗೆ ಪೆಟ್ಟಾದವರ ಮತ್ತು ಅವರ ಮನೆಯವರ ಸಂಘ 'ಹೆಡ್‌ವೇ' ಹುಟ್ಟಿತು. 1980ರಲ್ಲಿ ಅಮೆರಿಕದಲ್ಲಿ, ಕಾರು ಅಪಘಾತದಲ್ಲಿ ಮಗಳ ಮೆದುಳಿಗೆ ಪೆಟ್ಟಾಗಿ ಸರಿಯಾದ ಆರೈಕೆಗೆ ಪರದಾಡಿದ್ದ ಮೆರಿಲಿನ್ ಪ್ರೈಸ್ ಸ್ಪಿವಾಕ್ ಪತಿಯೊಡನೆ ಸೇರಿ ರಾಷ್ಟ್ರೀಯ ತಲೆಗಾಯ ಪ್ರತಿಷ್ಠಾನವನ್ನು ಶುರುಮಾಡಿದರು. ಇಂದಿನ ಅಮೆರಿಕದ ಬ್ರೇನ್ ಇಂಜುರಿ ಅಸೋಸಿಯೇಷನ್ ಅದರ ಮುಂದುವರಿಕೆ.

ಗ್ಲಾಸ್ಗೋದ ಮೊದಲ ವರದಿ ಬಂದ ಅದೇ 1981ರಲ್ಲಿ ಬೆಂಗಳೂರಿನಿಂದಲೂ ಒಂದು ಪ್ರಶ್ನಾವಳಿ ಹೊರಟಿತು. ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆ ನಿಮ್ಹಾನ್ಸ್‌ನ ಶೈಲಾ ಪೈ ಮತ್ತು ರವಿ ಕಪೂರ್ 'ಬ್ರಿಟಿಷ್ ಜರ್ನಲ್ ಆಫ್ ಸೈಕಿಯಾಟ್ರಿ'ಯಲ್ಲಿ ಪ್ರಕಟಿಸಿದ ಅದು ಕುಟುಂಬದ ಹೊರೆಯನ್ನು ಅಳೆಯುವ ಸಂದರ್ಶನ ಪಟ್ಟಿ. ಮೂಲತಃ ಮಾನಸಿಕ ರೋಗಿಗಳ ಮನೆಗಳಿಗಾಗಿ ಮಾಡಿದ್ದು. ಕಪೂರ್ ಕನ್ನಡ ನಾಡಿಗೆ ಹೊಸಬರೇನಲ್ಲ. ಉಡುಪಿ ಕಡೆಯ ಕೋಟದಲ್ಲಿ ಮಾರಿಸ್ ಕಾರ್‌ಸ್ಟೇರ್ಸ್ ಜೊತೆ ಬ್ರಾಹ್ಮಣರು, ಬಂಟರು, ಮೊಗವೀರರ ಮನೆಗಳಿಗೆ ಹೋಗಿ ಮನಸ್ಸಿನ ತೊಂದರೆಗಳ ಬಗ್ಗೆ ಕೇಳಿ 1976ರಲ್ಲಿ ಪುಸ್ತಕ ತಂದಿದ್ದರು. ಇಂಗ್ಲಿಷ್ ಪ್ರಶ್ನೆಯನ್ನು ಹಾಗೇ ಕರಾವಳಿಯ ಅಂಗಳದಲ್ಲಿ ನಿಂತು ಕೇಳಿದರೆ ಕೆಲಸಕ್ಕೆ ಬಾರದು ಎಂಬುದು ಅಲ್ಲಿ ಅನುಭವಕ್ಕೆ ಬಂದ ಪಾಠ.

ಬೆಂಗಳೂರಿನಲ್ಲಿ ಈ ಪಟ್ಟಿ ಹುಟ್ಟಿದ್ದಕ್ಕೆ ಇನ್ನೂ ಒಂದು ಹಿನ್ನೆಲೆಯಿದೆ. ಭಾರತದಲ್ಲಿ ಕುಟುಂಬ ಆಸ್ಪತ್ರೆಯಿಂದ ದೂರ ಇದ್ದದ್ದೇ ಕಡಿಮೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾ ಸಾಗರ್ ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡಿದ್ದರು. ವೆಲ್ಲೂರಿನ ಆಸ್ಪತ್ರೆ ಅದನ್ನು ಮುಂದುವರಿಸಿತು. ನಿಮ್ಹಾನ್ಸ್ ಕುಟುಂಬಗಳಿಗೇ ಒಂದು ವಾರ್ಡು ಮಾಡಿತು. ಭಟ್ಟಿ, ಜಾನಕಿರಾಮಯ್ಯ ಮತ್ತು ಚನ್ನಬಸವಣ್ಣ ಅದರ ಅನುಭವವನ್ನು 1980ರಲ್ಲಿ ವಿದೇಶದ ಪತ್ರಿಕೆಯಲ್ಲಿ ಬರೆದರು. ವೈದ್ಯರ ಕೊರತೆ ಇದಕ್ಕೆ ಅರ್ಧ ಕಾರಣ. ಹಾಸಿಗೆಯ ಪಕ್ಕದಲ್ಲಿ ಚಾಪೆ ಹಾಸಿ ಮಲಗುವ ಮನೆಯವರಿಲ್ಲದೆ ನಮ್ಮ ಯಾವ ಸರ್ಕಾರಿ ಆಸ್ಪತ್ರೆಯೂ ಒಂದು ದಿನ ನಡೆಯದು.

ಪೈ ಮತ್ತು ಕಪೂರರ ಪಟ್ಟಿಯಲ್ಲಿ ಆರು ಭಾಗ, 24 ಪ್ರಶ್ನೆ. ಹಣ, ಮನೆಯ ದಿನಚರಿ, ಬಿಡುವು, ಮನೆಯವರ ನಡುವಿನ ಸಂಬಂಧ, ಇತರರ ದೈಹಿಕ ಆರೋಗ್ಯ, ಇತರರ ಮಾನಸಿಕ ಆರೋಗ್ಯ. ಹೊರೆಯಿಲ್ಲದಿದ್ದರೆ ಸೊನ್ನೆ, ಸಾಧಾರಣವಾದರೆ ಒಂದು, ತೀವ್ರವಾದರೆ ಎರಡು. ಇಷ್ಟಕ್ಕೇ ನಿಂತಿದ್ದರೆ ಅದೊಂದು ಸರ್ಕಾರಿ ನಮೂನೆ. ಪ್ರಶ್ನೆಗಳ ಒಳಗೆ ಹೋದಾಗ ಮನೆ ಕಾಣುತ್ತದೆ. ಸಾಲ ಮಾಡಿದಿರಾ, ಕೂಡಿಟ್ಟದ್ದು ಕರಗಿತೇ? ಹಣದ ಮುಗ್ಗಟ್ಟಿನಿಂದ ಮದುವೆಯನ್ನೋ ಪ್ರಯಾಣವನ್ನೋ ದೇವರ ಕಾರ್ಯವನ್ನೋ ಮುಂದೆ ಹಾಕಿದಿರಾ? ರೋಗಿಯನ್ನು ನೋಡಿಕೊಳ್ಳುವ ಗಡಿಬಿಡಿಯಲ್ಲಿ ಉಳಿದವರಿಗೆ ಶಾಲೆ, ಊಟ ತಪ್ಪುತ್ತಿದೆಯೇ? ನೆಂಟರಿಷ್ಟರು ಬರುವುದು ಕಡಿಮೆಯಾಯಿತೇ? ನೀವೇ ಹೊರಗೆ ಹೋಗುವುದನ್ನು ಬಿಟ್ಟಿರಾ? ಮುಂದೆ ಹೋದ ಮದುವೆಯನ್ನು ಹೊರೆಯ ಲೆಕ್ಕಕ್ಕೆ ಸೇರಿಸಬೇಕು ಎಂದು ಗ್ಲಾಸ್ಗೋದಲ್ಲಿ ಕುಳಿತವರಿಗೆ ಹೊಳೆಯುವುದು ಕಷ್ಟ. ತಂಗಿಯ ಲಗ್ನ ನಿಂತುಹೋದರೆ ಆ ಮನೆಯ ಅಣ್ಣನ ಚೇತರಿಕೆ ಎಷ್ಟೇ 'ಉತ್ತಮ'ವಾಗಿರಲಿ, ಅಮ್ಮನ ಲೆಕ್ಕವೇ ಬೇರೆ.

24 ಪ್ರಶ್ನೆಗಳೂ ಮುಗಿದ ಮೇಲೆ ಇನ್ನೊಂದನ್ನು ಬೇರೆಯಾಗಿ ಕೇಳಬೇಕಿತ್ತು. ಈ ಕಾಯಿಲೆಯಿಂದ ನೀವು ಎಷ್ಟು ಕಷ್ಟಪಟ್ಟಿದ್ದೀರಿ: ತುಂಬಾ, ಸ್ವಲ್ಪ, ಇಲ್ಲವೇ ಇಲ್ಲ? ಹೋನಿಗ್ ಮತ್ತು ಹ್ಯಾಮಿಲ್ಟನ್ ಒಡೆದ ಆ ಎರಡು ಹೊರೆಗಳು ಇಲ್ಲಿ ಒಂದೇ ಹಾಳೆಯ ಮೇಲೆ ಎದುರುಬದುರಾದವು. ಇದೇ ಪಟ್ಟಿಯನ್ನು ಹಿಡಿದು ಪೈ ಮತ್ತು ಕಪೂರ್ ಇನ್ನೊಂದು ಪ್ರಯೋಗವನ್ನೂ ಮಾಡಿದರು: ಸ್ಕಿಜೋಫ್ರೇನಿಯಾ ರೋಗಿಗಳ ಒಂದು ಗುಂಪಿಗೆ ನರ್ಸ್ ಮನೆಗೇ ಹೋಗಿ ಚಿಕಿತ್ಸೆ, ಇನ್ನೊಂದಕ್ಕೆ ಆಸ್ಪತ್ರೆ. ಮನೆಯ ಚಿಕಿತ್ಸೆಯಲ್ಲಿ ಕುಟುಂಬದ ಹೊರೆ ಹೆಚ್ಚು ಇಳಿಯಿತು. ಮುಂದಿನ ದಶಕಗಳಲ್ಲಿ ಭಾರತದ ಸಂಶೋಧಕರು ಈ ಪಟ್ಟಿಯನ್ನು ನರರೋಗಿಗಳ ಮನೆಗಳಿಗೂ ಕೊಂಡೊಯ್ದರು. 1998ರಲ್ಲಿ ಚೆನ್ನೈನ ಸ್ಕಿಜೋಫ್ರೇನಿಯಾ ಸಂಶೋಧನಾ ಸಂಸ್ಥೆ ಸ್ಕಾರ್ಫ್‌ನ ಆರ್. ತಾರಾ ಮತ್ತು ಸಂಗಡಿಗರು 40 ಪ್ರಶ್ನೆಗಳ ಇನ್ನೊಂದು ಪಟ್ಟಿಯನ್ನು ತಂದರು.

ನೆಂಟರು ಬರುವುದು ಕಡಿಮೆಯಾಯಿತೇ ಎಂಬ ಬೆಂಗಳೂರಿನ ಪ್ರಶ್ನೆಗೆ ಕಡಲಾಚೆಯಿಂದ ಒಂದು ಸಮರ್ಥನೆ ಅದಾಗಲೇ ಬಂದಿತ್ತು. 1980ರಲ್ಲಿ ಅಮೆರಿಕದ ಸ್ಟೀವನ್ ಜಾರಿಟ್ ಮತ್ತು ಸಹೋದ್ಯೋಗಿಗಳು ಮರೆಗುಳಿ ಕಾಯಿಲೆಯ ವೃದ್ಧರನ್ನು ನೋಡಿಕೊಳ್ಳುವ 29 ಮಂದಿಯನ್ನು 29 ಪ್ರಶ್ನೆಗಳಿಂದ ಮಾತಾಡಿಸಿದ್ದರು. ಮರೆವು ಹೆಚ್ಚಿದ್ದಷ್ಟೂ, ಕಾಟ ಹೆಚ್ಚಿದ್ದಷ್ಟೂ ಹೊರೆಯ ಅಂಕ ಏರಬೇಕಿತ್ತು. ಏರಲಿಲ್ಲ. ಅಂಕ ತಗ್ಗಿದ್ದು ಮನೆಯ ಇತರರು ಆಗಾಗ ಬಂದುಹೋಗುತ್ತಿದ್ದಲ್ಲಿ. ಈ ಪ್ರಶ್ನಾವಳಿ ಮುಂದೆ 22ಕ್ಕೆ ಇಳಿದು, ಸೊನ್ನೆಯಿಂದ 88ರವರೆಗಿನ ಅಂಕದೊಡನೆ ಪಾರ್ಶ್ವವಾಯು, ತಲೆಗಾಯ ಸೇರಿದಂತೆ ಎಲ್ಲ ಕಾಯಿಲೆಗಳ ಮನೆಗಳನ್ನೂ ಹೊಕ್ಕಿತು.

ಆದರೆ ಹೊರೆಯ ಪಟ್ಟಿಗಳಿಗೆಲ್ಲ ಒಂದೇ ಕೊರತೆ. ಅವು ರೋಗಿಯನ್ನು ಭಾರದ ಮೂಟೆ ಮಾಡುತ್ತವೆ, ನೋಡಿಕೊಳ್ಳುವವರನ್ನು ಹಮಾಲಿ ಮಾಡುತ್ತವೆ. ಆಕೆಯ ಬೆನ್ನು ನೋವು, ಗೆಳತಿಯರು, ಬಿಟ್ಟ ಕೆಲಸ, ದೇವರ ಮೇಲಿನ ಸಿಟ್ಟು, ಮಗ ಇವತ್ತು ಹೆಸರು ಹಿಡಿದು ಕರೆದ ಎಂಬ ಖುಷಿ ಇವಕ್ಕೆ ಅಲ್ಲಿ ಜಾಗವಿಲ್ಲ. 1991ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜೀವನದ ಗುಣಮಟ್ಟವನ್ನೇ ಅಳೆಯುವ ಯೋಜನೆ ಹಿಡಿದು 15 ಕೇಂದ್ರಗಳಲ್ಲಿ ಪ್ರಶ್ನೆಗಳನ್ನು ಒಟ್ಟಿಗೇ ರೂಪಿಸಿತು. ದೆಹಲಿ ಮತ್ತು ಮದ್ರಾಸ್ ಅವುಗಳಲ್ಲಿ ಎರಡು. ನೂರು ಪ್ರಶ್ನೆಗಳ ಪಟ್ಟಿ ಆಮೇಲೆ 26ಕ್ಕೆ ಇಳಿದು ದೇಹ, ಮನಸ್ಸು, ಸಂಬಂಧ, ಪರಿಸರ ಎಂಬ ನಾಲ್ಕು ಭಾಗಗಳಾಯಿತು. ಇದರಿಂದ ನೋಡಿಕೊಳ್ಳುವ ಹೆಂಡತಿಯನ್ನೂ ಪಕ್ಕದ ಮನೆಯ ಗೃಹಿಣಿಯನ್ನೂ ಒಂದೇ ಅಳತೆಯಲ್ಲಿ ನೋಡಬಹುದಾಯಿತು. ಅದರ ಮಿತಿಯೂ ಅದೇ. ಲೆಜಾಕ್ 1978ರಲ್ಲಿ ಹೇಳಿದ, ಬದುಕಿರುವ ಗಂಡನಿಗಾಗಿ ಪಡುವ ದುಃಖ ಯಾವ ಸಾಮಾನ್ಯ ಪ್ರಶ್ನಾವಳಿಯ ಬಲೆಗೂ ಬೀಳುವುದಿಲ್ಲ.

ಆ ಬಲೆಯನ್ನು ನೇಯಲು ಇನ್ನೊಂದು ಯುದ್ಧ ಬೇಕಾಯಿತು. ಇರಾಕ್ ಮತ್ತು ಅಫ್ಗಾನಿಸ್ತಾನದಲ್ಲಿ ರಸ್ತೆಬದಿಯ ಬಾಂಬುಗಳಿಂದ ಮೆದುಳಿಗೆ ಪೆಟ್ಟು ತಿಂದ ಅಮೆರಿಕನ್ ಸೈನಿಕರು ಸಾಲುಸಾಲಾಗಿ ಮನೆ ಸೇರಿದರು. ಅವರನ್ನು ನೋಡಿಕೊಳ್ಳುವವರಿಗೆ ಭತ್ಯೆ, ತರಬೇತಿ ಕೊಡುವ ಕಾಯ್ದೆ 2010ರಲ್ಲಿ ಬಂತು. 2014ರ ರ್‍ಯಾಂಡ್ ಸಂಸ್ಥೆಯ ವರದಿ, ಹಾಲಿ ಮತ್ತು ಮಾಜಿ ಸೈನಿಕರನ್ನು ನೋಡಿಕೊಳ್ಳುವವರು ಆ ದೇಶದಲ್ಲಿ 55 ಲಕ್ಷ ಎಂದು ಅಂದಾಜಿಸಿತು. ಹಣ ಹರಿಯತೊಡಗಿದಾಗ ಅಳತೆಯೂ ಬೇಕಾಗುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದ ನೋಯಲ್ ಕಾರ್ಲೋಝಿ ಮತ್ತು ತಂಡ ನೋಡಿಕೊಳ್ಳುವವರನ್ನೇ ಗುಂಪುಗಳಲ್ಲಿ ಕೂರಿಸಿ, ಅವರ ಮಾತಿನಿಂದಲೇ ಪ್ರಶ್ನೆಗಳನ್ನು ಹೆಕ್ಕಿ 'ಟಿಬಿಐ-ಕೇರ್‌ಕ್ಯೂಓಎಲ್' ಎಂಬ ಮಾಪಕ ಕಟ್ಟಿತು. 2019ರ ಹೊತ್ತಿಗೆ ಅದರ ಭಾಗಗಳು ಪ್ರಕಟವಾದವು.

ಆ ಭಾಗಗಳ ಹೆಸರುಗಳನ್ನು ಓದಿದರೇ ಸಾಕು, ಅವು ಬೇರೆ ಕಾಯಿಲೆಯವಲ್ಲ ಎಂದು ತಿಳಿಯುತ್ತದೆ. ತನ್ನದೇ ಬದುಕು ಕಳೆದುಹೋದ ದುಃಖ ಒಂದು. ಪೆಟ್ಟು ಬೀಳುವ ಮುಂಚಿನ ಆ ವ್ಯಕ್ತಿ ಕಳೆದುಹೋದ ದುಃಖ ಇನ್ನೊಂದು. ಸಿಕ್ಕಿಹಾಕಿಕೊಂಡ ಭಾವ, ಆರೈಕೆಯ ದಣಿವು, ನಾಳೆ ಇವರ ಗತಿಯೇನು ಎಂಬ ಆತಂಕ. ಸೈನಿಕರ ಮನೆಯವರಿಗಾಗಿ ಸದಾ ಎಚ್ಚರವಾಗಿರಬೇಕಾದ ಸ್ಥಿತಿ, ಸೇನೆಯ ಆಸ್ಪತ್ರೆ ವ್ಯವಸ್ಥೆಯೊಡನೆ ಹೆಣಗುವ ಹತಾಶೆ ಎಂಬ ಭಾಗಗಳೂ ಸೇರಿದವು. 50 ಎಂದರೆ ಸರಾಸರಿ, ಮೇಲೆ ಕೆಳಗೆ ಹತ್ತತ್ತು ಅಂಕದ ಮೆಟ್ಟಿಲು. ಕಂಪ್ಯೂಟರ್ ಒಂದು ಉತ್ತರ ನೋಡಿ ಮುಂದಿನ ಪ್ರಶ್ನೆಯನ್ನು ಆರಿಸುವುದರಿಂದ ಕೆಲವೇ ಪ್ರಶ್ನೆಗಳಲ್ಲಿ ಮುಗಿಯುತ್ತದೆ. ಅಡುಗೆಮನೆ, ಔಷಧದ ಅಂಗಡಿ, ಫಿಸಿಯೋಥೆರಪಿ ನಡುವೆ ಓಡಾಡುವವರಿಗೆ ಅದು ಸಣ್ಣ ಸೌಕರ್ಯವೇನಲ್ಲ.

ಬೆಂಗಳೂರಿಗೆ ಈ ವಿಷಯ ದೂರದ್ದಲ್ಲ. ನಿಮ್ಹಾನ್ಸ್‌ನ ಜಿ. ಗುರುರಾಜ್ 2002ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಇಲ್ಲಿ ವರ್ಷಕ್ಕೆ ಪ್ರತಿ ಲಕ್ಷ ಜನರಲ್ಲಿ 150 ಮಂದಿಗೆ ಮೆದುಳಿನ ಗಾಯವಾಗುತ್ತಿತ್ತು, 20 ಮಂದಿ ಸಾಯುತ್ತಿದ್ದರು. ಸುಮಾರು ಶೇ 60ರಷ್ಟು ಗಾಯಗಳಿಗೆ ರಸ್ತೆ ಅಪಘಾತವೇ ಕಾರಣ. ಹೆಲ್ಮೆಟ್, ಬಂಪ್, ಆ್ಯಂಬುಲೆನ್ಸ್ ಚರ್ಚೆಗಳಲ್ಲಿ ಸಾವಿನ ಅಂಕಿ ಮತ್ತೆ ಮತ್ತೆ ಬರುತ್ತದೆ. ಉಳಿದು ಮನೆಗೆ ಹೋದವರದು, ಅವರ ಪಕ್ಕದಲ್ಲಿ ಕುಳಿತವರದು ಬರುವುದು ಸಂಶೋಧನಾ ಪ್ರಬಂಧಗಳಲ್ಲಿ ಮಾತ್ರ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆರೈಕೆದಾರರು ಯಾರು ಎಂಬ ವ್ಯಾಖ್ಯೆ ಇದೆ. ಸಂಬಳ ಪಡೆಯದ ತಂದೆತಾಯಿ, ಮನೆಯವರೂ ಅದರಲ್ಲಿ ಸೇರುತ್ತಾರೆ. ಹೆಚ್ಚಿನ ಬೆಂಬಲ ಬೇಕಾದವರಿಗೆ ಆರೈಕೆ ಭತ್ಯೆ ಕೊಡಬೇಕೆಂಬ ಮಾತೂ 24ನೇ ಸೆಕ್ಷನ್ನಿನಲ್ಲಿದೆ. ಅದೇ ಕಾಯ್ದೆ ಪಟ್ಟಿ ಮಾಡಿದ 21 ಬಗೆಯ ವೈಕಲ್ಯಗಳಲ್ಲಿ ತಲೆಗೆ ಪೆಟ್ಟಾಗಿ ಬಂದದ್ದಕ್ಕೆ ಪ್ರತ್ಯೇಕ ಹೆಸರಿಲ್ಲ. ಕೈಕಾಲಿನ ಊನ ಉಳಿದಿದ್ದರೆ ಚಲನವೈಕಲ್ಯ, ಮಾತು ಹೋಗಿದ್ದರೆ ಮಾತು ಮತ್ತು ಭಾಷೆಯ ವೈಕಲ್ಯ, ಮನಸ್ಸು ಕೆಟ್ಟಿದ್ದರೆ ಮಾನಸಿಕ ಕಾಯಿಲೆ ಎಂದು ಯಾವುದಾದರೊಂದರ ಅಡಿಯಲ್ಲಿ ಶೇಕಡಾವಾರು ಪ್ರಮಾಣಪತ್ರ ಪಡೆಯಬೇಕು. ಗ್ಲಾಸ್ಗೋದ ಬಂಧುಗಳು ಐದನೇ ವರ್ಷದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ದೂರಿದ್ದು ಈ ಮೂರರಲ್ಲಿ ಯಾವುದಕ್ಕೂ ಸುಲಭವಾಗಿ ಹೊಂದದ ಸ್ವಭಾವದ ಬದಲಾವಣೆಯನ್ನು. ಪ್ರಮಾಣಪತ್ರದಲ್ಲಿ ಬರುವ ಶೇಕಡಾ ಲೆಕ್ಕ ಗಾಯಾಳುವಿನ ದೇಹ, ಮನಸ್ಸಿನದು. 1981ರಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್ ಆವರಣದಲ್ಲಿ ಕುಳಿತು ಬರೆದ 24 ಪ್ರಶ್ನೆಗಳಲ್ಲಿ ಒಂದನ್ನೂ ಅರ್ಜಿ ತಂದ ತಾಯಿಗೆ ಕೇಳಬೇಕೆಂಬ ನಿಯಮ ಕಾಯ್ದೆಯಲ್ಲಿಲ್ಲ.